ನಿಂತಲ್ಲಿಂದ ಗಾಡಿ ತಿರುಗಿಸಲು ಕಲಿತ ಏಳು ವಾರ

ಏಳು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಆದರೂ ಎರಡು ತಿಂಗಳ ಹಿಂದಿನವರೆಗೆ ಪೂರ್ತಿ ನಿಂತ ಗಾಡಿಯನ್ನು ಅಲ್ಲಿಂದಲೇ ಸಣ್ಣ ಜಾಗದಲ್ಲಿ ತಿರುಗಿಸಲು ನನಗೆ ಬರುತ್ತಿರಲಿಲ್ಲ. ಬರುವುದಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ಹಳೆಯ ಗಾಡಿ 115 ಕೆಜಿ ಇತ್ತು. ಯೂ ಟರ್ನ್ ಬೇಕಾದರೆ ಎರಡೂ ಕಾಲು ಕೆಳಗೆ ಬಿಟ್ಟು ಬಾತುಕೋಳಿ ಹಾಗೆ ತಳ್ಳುತ್ತಾ, ಒಂದು ಸಲ ಮುಂದೆ, ಒಂದು ಸಲ ಹಿಂದೆ ಮಾಡಿ ಹೇಗೋ ತಿರುಗಿಸಿಬಿಡುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ.

ಹೊಸ ಗಾಡಿ 195 ಕೆಜಿ. ಸೀಟಿನ ಎತ್ತರ 800 ಮಿಲಿಮೀಟರ್. ನಾನು ಐದಡಿ ಎರಡಿಂಚು. ಎರಡು ಕಾಲು ಬಿಟ್ಟರೆ ಎರಡೂ ಕಡೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಇನ್ನು ತಳ್ಳುವುದೆಲ್ಲಿಂದ ಬಂತು?

ಗಾಡಿ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಪಾರ್ಕಿಂಗ್ ಜಾಗದಿಂದ ಹೊರಗೆ ಬಂದು ಗೇಟಿನ ಹತ್ತಿರ ನಿಲ್ಲಿಸಿದೆ. ಅಲ್ಲಿಂದ ಎಡಕ್ಕೆ ಲಂಬ ಕೋನದಲ್ಲಿ ತಿರುಗಬೇಕು, ಎದುರಿಗೆ ಗೋಡೆ. ಕ್ಲಚ್ ಬಿಟ್ಟೆ, ಗಾಡಿ ಹೊರಟಿತು, ಆದರೆ ತಿರುಗಲಿಲ್ಲ. ಗೋಡೆ ಹತ್ತಿರ ಬಂತು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಹೆದರಿ ಹ್ಯಾಂಡಲ್ ಪೂರ್ತಿ ಕಟ್ ಮಾಡಿ, ಅಂದರೆ ಕೊನೆಯವರೆಗೆ ತಿರುಗಿಸಿ, ಅದೇ ಕ್ಷಣಕ್ಕೆ ಮುಂದಿನ ಬ್ರೇಕ್ ಹಿಡಿದೆ. ಗಾಡಿ ಧೊಪ್ಪನೆ ಎಡಕ್ಕೆ ಮಲಗಿತು. ವೇಗ ಮನುಷ್ಯ ನಡೆಯುವಷ್ಟೂ ಇರಲಿಲ್ಲ. ಪೆಟ್ಟೇನೂ ಆಗಲಿಲ್ಲ. ಆದರೆ ಕ್ಲಚ್ ಲಿವರ್ ಅರ್ಧಕ್ಕೆ ಮುರಿದು, ಇಂಡಿಕೇಟರ್ ಜೋತು ಬಿದ್ದಿತ್ತು. ನಾಲ್ಕು ದಿನದ ಗಾಡಿ!

ಆಮೇಲೆ ಅರ್ಥವಾಯಿತು. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಅಲ್ಲೇ ನಿಲ್ಲುತ್ತದೆ, ಮುಂದಿನ ಶಾಕ್‌ಗಳು ಕುಸಿಯುತ್ತವೆ, ಗಾಡಿಯ ಭಾರವೆಲ್ಲ ತಿರುವಿನ ಒಳಗಡೆಗೆ ಬೀಳುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ಕಾಲಿಗೂ ಇಲ್ಲ. ನಿಧಾನ ತಿರುವಿನಲ್ಲಿ ಮುಂದಿನ ಬ್ರೇಕ್ ಲಿವರ್ ಮೇಲೆ ಬೆರಳನ್ನೇ ಇಡದಿರುವುದು ಒಳ್ಳೆಯದು. ಬೆರಳು ಅಲ್ಲಿದ್ದರೆ ಹೆದರಿದಾಗ ತಾನಾಗಿಯೇ ಮಡಚಿಕೊಳ್ಳುತ್ತದೆ.

ಅವತ್ತು ಗಾಡಿ ಎತ್ತಿದವನು ನನ್ನ ತಮ್ಮ. ನಾನು ಹ್ಯಾಂಡಲ್ ಹಿಡಿದು ಎದುರಿನಿಂದ ಎಳೆಯುತ್ತಿದ್ದೆ, ಸೊಂಟ ಹಿಡಿದುಕೊಳ್ಳುವುದೊಂದು ಬಾಕಿ. ಅದಾದ ಮೇಲೆ ಒಬ್ಬಳೇ ಎತ್ತುವುದನ್ನು ಮೊದಲು ಕಲಿತೆ. ನೀವೂ ತಿರುಗಿಸುವುದಕ್ಕಿಂತ ಮುಂಚೆ ಇದನ್ನೇ ಕಲಿಯಿರಿ, ಬೀಳುವ ಭಯ ಅರ್ಧ ಕಮ್ಮಿಯಾಗುತ್ತದೆ. ಮೊದಲು ಇಂಜಿನ್ ಆಫ್. ಗಾಡಿ ಗೇರಿನಲ್ಲಿರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಹ್ಯಾಂಡಲ್ ಅನ್ನು ಗಾಡಿ ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿದು, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಕಾಲಿನ ಬಲದಲ್ಲಿ ಏಳಬೇಕು, ಸೊಂಟದ ಬಲದಲ್ಲಲ್ಲ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ. ಇಲ್ಲದಿದ್ದರೆ ಎತ್ತಿದ ಖುಷಿಗೆ ಇನ್ನೊಂದು ಕಡೆಗೆ ಬೀಳಿಸುತ್ತೀರಿ.

ಹೊಸ ಲಿವರ್ ಹಾಕಿಸಿದೆ. ಮೆಕ್ಯಾನಿಕ್ ಒಂದು ಉಪಾಯ ಹೇಳಿಕೊಟ್ಟರು. ಅಭ್ಯಾಸದ ದಿನಗಳಲ್ಲಿ ಲಿವರ್ ಕೂತಿರುವ ಬ್ರಾಕೆಟ್‌ನ ಬೋಲ್ಟ್ ಅನ್ನು ಸ್ವಲ್ಪವೇ ಸಡಿಲ ಇಟ್ಟರೆ, ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಓಡಿಸುವಾಗ ಜರುಗಬಾರದು, ಜೋರಾಗಿ ತಳ್ಳಿದರೆ ಜರುಗಬೇಕು, ಅಷ್ಟು. ಆಮೇಲೆ ಮೂರು ಸಲ ಬಿದ್ದೆ. ಎರಡನೇ ಲಿವರ್ ಇನ್ನೂ ಇದೆ.

ಮೊದಲ ಎರಡು ವಾರ ಖಾಲಿ ಮೈದಾನದಲ್ಲಿ ನಾನು, ತಮ್ಮ ಇಬ್ಬರೇ. ಅರ್ಧ ನೀರು ತುಂಬಿದ ಬಾಟಲಿಗಳನ್ನು 9 ಮೀಟರ್ ಅಂತರದಲ್ಲಿ ಎರಡು ಸಾಲಾಗಿ ಇಟ್ಟೆವು. ಕಲ್ಲು ಇಡಬೇಡಿ. ಬಾಟಲಿ ಮೇಲೆ ಹತ್ತಿದರೆ ಬಾಟಲಿ ಹೋಗುತ್ತದೆ, ಕಲ್ಲಿನ ಮೇಲೆ ಹತ್ತಿದರೆ ನೀವು ಹೋಗುತ್ತೀರಿ. ನೆಲದಲ್ಲಿ ಮರಳು, ಜಲ್ಲಿ ಇದೆಯಾ ಎಂದು ಮೊದಲು ನಡೆದು ನೋಡಿ. ನಾವು ದಿನಾ ಪೊರಕೆ ಒಯ್ಯುತ್ತಿದ್ದೆವು.

ತಮ್ಮನ ಉಪದೇಶ ಒಂದೇ. ‘ಅಕ್ಕಾ, ಕಾಲು ಕೆಳಗೆ ಬಿಡಬೇಡ.’ ಪ್ರತಿ ಸುತ್ತಿಗೂ ಅದನ್ನೇ ಕೂಗುತ್ತಿದ್ದ. ನಾನು ಪ್ರತಿ ಸುತ್ತಿಗೂ ಕಾಲು ಬಿಡುತ್ತಿದ್ದೆ. 9 ಮೀಟರಿನಲ್ಲಿ ಹೇಗೋ ಆಗುತ್ತಿತ್ತು. ಬಾಟಲಿ ಸ್ವಲ್ಪ ಹತ್ತಿರ ತಂದರೆ ಗಾಡಿ ಒಳಕ್ಕೆ ವಾಲುತ್ತಿತ್ತು, ನಾನು ಪಟ್ಟನೆ ಕ್ಲಚ್ ಹಿಡಿಯುತ್ತಿದ್ದೆ, ಅದು ಇನ್ನೂ ವಾಲುತ್ತಿತ್ತು, ಕಾಲು ಕೆಳಗೆ. ಎರಡು ವಾರ ಹೀಗೇ. ಎರಡನೇ ವಾರದ ಕೊನೆಗೆ ಒಂದು ಸಂಜೆ ಗಾಡಿ ಅಲ್ಲೇ ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ. ನನ್ನ ಎತ್ತರಕ್ಕೆ ಈ ಗಾಡಿ ಆಗುವುದಿಲ್ಲ, ಮಾರಿಬಿಡೋಣ ಎಂದು ತಮ್ಮನಿಗೆ ಹೇಳಿದ್ದೂ ಆಯಿತು.

ಅವನೇ ಒಂದು ದಿನದ ತರಬೇತಿಗೆ ಹೆಸರು ಬರೆಸಿದ. ಜಾಗ ಸಿಕ್ಕಿದ್ದು 16 ದಿನದ ನಂತರ. ಆ 16 ದಿನ ಗಾಡಿ ಮುಟ್ಟಲೂ ಮನಸ್ಸಾಗಲಿಲ್ಲ. ಈಗ ನೋಡಿದರೆ ಅದು ತಪ್ಪು. ಕನಿಷ್ಠ ನೇರ ದಾರಿಯಲ್ಲಿ ನಿಧಾನಕ್ಕೆ ಹೋಗುವುದನ್ನಾದರೂ ಮಾಡಬಹುದಿತ್ತು. ಲೈಸೆನ್ಸ್, ಗಾಡಿಯ ವಿಮೆ, ಬಿದ್ದು ಏನಾದರೂ ಆದರೆ ನಾನೇ ಹೊಣೆ ಎಂದು ಸಹಿ ಮಾಡಿದ ಫಾರಂ ಕೇಳಿದ್ದರು. ವಿಮೆಯ ಕಾಗದ ತೋರಿಸಲು ಹೋದರೆ ನನ್ನ ಮೊಬೈಲಿನಲ್ಲಿದ್ದದ್ದು ಹಳೆಯ ಗಾಡಿಯದು. ಹೊಸದು ಮನೆಯಲ್ಲಿ ಡ್ರಾಯರಿನಲ್ಲಿ. ತಮ್ಮ ಅದರ ಫೋಟೊ ತೆಗೆದು ಕಳಿಸುವವರೆಗೆ ಮುಕ್ಕಾಲು ಗಂಟೆ ಗೇಟಿನ ಹೊರಗೆ ನಿಂತೆ. ಒಳಗೆ ಬೇರೆಯವರು ಶುರು ಮಾಡಿದ್ದರು. ಇನ್ನೊಬ್ಬರು ಹಿಮ್ಮಡಿ ಮುಚ್ಚದ ಚಪ್ಪಲಿಯಲ್ಲಿ ಬಂದಿದ್ದರು, ಅವರನ್ನು ವಾಪಸ್ ಕಳಿಸಿದರು. ಕಾಗದ, ಬೂಟು, ಗ್ಲೌಸ್ ಎಲ್ಲ ಹಿಂದಿನ ರಾತ್ರಿಯೇ ಒಂದು ಕಡೆ ಇಟ್ಟುಬಿಡಿ.

ತಿರುಗಿಸುವುದು ಹೇಳಿಕೊಡುತ್ತಾರೆ ಅಂದುಕೊಂಡು ಹೋದರೆ ಮೊದಲ ಎರಡು ಗಂಟೆ ಹ್ಯಾಂಡಲ್ ತಿರುಗಿಸಲು ಬಿಡಲಿಲ್ಲ. ಬರೀ ಹಾಫ್ ಕ್ಲಚ್. ಫಸ್ಟ್ ಗೇರ್ ಹಾಕಿ, ಕ್ಲಚ್ ಅನ್ನು ಗಾಡಿ ಮುಂದಕ್ಕೆ ತುಸು ಎಳೆಯುವಷ್ಟು ಮಾತ್ರ ಬಿಡುವುದು, ಒಂದು ಹೆಜ್ಜೆಯಷ್ಟು ಹೋಗಿ ಮತ್ತೆ ಹಿಡಿಯುವುದು. ಕೂತಲ್ಲೇ ಮುಂದೆ ಹಿಂದೆ ತೂಗಿದ ಹಾಗೆ. ಆಮೇಲೆ ನೇರ ಗೆರೆಯಲ್ಲಿ ಆದಷ್ಟು ನಿಧಾನಕ್ಕೆ ಹೋಗುವುದು. ಕೊನೆಗೆ ತಲುಪಿದವರೇ ಗೆದ್ದವರು! ರೇಸ್, ಅಂದರೆ ಬಲಗೈಯ ಎಕ್ಸಿಲರೇಟರ್, ಸ್ವಲ್ಪ ಕೊಟ್ಟು ಒಂದೇ ಸಮ ಇಡಬೇಕು, ಅದನ್ನು ಆಮೇಲೆ ಮುಟ್ಟಬಾರದು. ವೇಗ ಹೆಚ್ಚು ಕಮ್ಮಿ ಮಾಡುವುದು ಕ್ಲಚ್. ಜಾಸ್ತಿ ಆಯಿತು ಅನ್ನಿಸಿದರೆ ಬಲಗಾಲಿನಲ್ಲಿ ಹಿಂದಿನ ಬ್ರೇಕ್ ಸವರಿದ ಹಾಗೆ ಒತ್ತಬೇಕು. ಇಂಜಿನ್ ಮುಂದಕ್ಕೆ ಎಳೆಯುತ್ತಿರುತ್ತದೆ, ಬ್ರೇಕ್ ಹಿಂದಕ್ಕೆ ಹಿಡಿಯುತ್ತಿರುತ್ತದೆ, ಈ ಎರಡರ ನಡುವೆ ಗಾಡಿ ಬಿಗಿಯಾಗಿ ನೆಟ್ಟಗೆ ನಿಲ್ಲುತ್ತದೆ. ಏಳು ವರ್ಷದಲ್ಲಿ ಹಿಂದಿನ ಬ್ರೇಕನ್ನು ನಾನು ಹೀಗೆ ಬಳಸಿಯೇ ಇರಲಿಲ್ಲ.

ಇಷ್ಟು ಹಾಫ್ ಕ್ಲಚ್‌ನಲ್ಲಿ ಓಡಿಸಿದರೆ ಕ್ಲಚ್ ಹಾಳಾಗುವುದಿಲ್ಲವಾ ಎಂದು ಕೇಳಿದೆ. ನಮ್ಮ ಗಾಡಿಗಳಲ್ಲಿ ಹೆಚ್ಚಿನವುಗಳ ಕ್ಲಚ್ ಇಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತದೆ, ಆಯಿಲ್ ಬಿಸಿಯನ್ನು ಹೊತ್ತೊಯ್ಯುತ್ತದೆ, ಇಷ್ಟನ್ನು ತಡೆದುಕೊಳ್ಳುತ್ತದೆ ಎಂದರು. ಆದರೆ ಸುಟ್ಟ ವಾಸನೆ ಬಂದರೆ ನಿಲ್ಲಿಸಬೇಕು. ಕಾಲು ಗಂಟೆ ಅಭ್ಯಾಸ, ಹತ್ತು ನಿಮಿಷ ವಿರಾಮ, ಇದೇ ನನ್ನ ಲೆಕ್ಕ. ವಿರಾಮ ಗಾಡಿಗಿಂತ ಎಡಗೈಗೆ ಹೆಚ್ಚು ಬೇಕು. ಆ ದಿನ ರಾತ್ರಿ ನೀರಿನ ಬಾಟಲಿಯ ಮುಚ್ಚಳ ತೆರೆಯಲು ಆಗಿರಲಿಲ್ಲ.

ಮಧ್ಯಾಹ್ನದ ಮೇಲೆ ತಿರುವು. ನನ್ನ ಎರಡು ಸುತ್ತು ನೋಡಿದ ತರಬೇತುದಾರರು ಗಾಡಿ ನಿಲ್ಲಿಸಿ ಹತ್ತಿರ ಬಂದರು. ‘ಮೇಡಂ, ಗಾಡಿ ಬೀಳ್ತಾ ಇಲ್ಲ. ನೀವು ಬೀಳಿಸ್ತಾ ಇದ್ದೀರಿ. ವಾಲಿದ ತಕ್ಷಣ ಕ್ಲಚ್ ಹಿಡೀತೀರಲ್ಲ, ಅದಕ್ಕೇ. ವಾಲಿದಾಗ ಇನ್ನೊಂದು ಚೂರು ಬಿಡಿ ನೋಡೋಣ.’

ಬಿಡುವುದಾ? ಬೀಳುತ್ತಿರುವಾಗ? ಮನಸ್ಸು ಒಪ್ಪಲಿಲ್ಲ. ಆದರೂ ಮುಂದಿನ ಸುತ್ತಿನಲ್ಲಿ ಗಾಡಿ ಒಳಕ್ಕೆ ವಾಲಿದಾಗ ಹಲ್ಲು ಕಚ್ಚಿ ಕ್ಲಚ್ ಕೂದಲೆಳೆಯಷ್ಟು ಬಿಟ್ಟೆ. ಗಾಡಿ ತಾನೇ ಎದ್ದು ನಿಂತಿತು! ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗೆ. ಹೆಲ್ಮೆಟ್ ಒಳಗೆ ಜೋರಾಗಿ ನಕ್ಕೆ. ಎರಡು ವಾರ ಮೈದಾನದಲ್ಲಿ ನನ್ನನ್ನು ಕಾಡಿದ್ದು ಇದೊಂದೇ. ಕಾಲು ಬಿಡುವುದು ತಪ್ಪಲ್ಲ, ಕಾಲು ಬಿಡಬೇಕಾದ ಹಾಗೆ ಕ್ಲಚ್ ಹಿಡಿಯುವುದು ತಪ್ಪು. ಚಕ್ರಕ್ಕೆ ಎಳೆತ ಸಿಗುತ್ತಿರುವವರೆಗೆ ವಾಲಿದ ಗಾಡಿಯನ್ನು ಅದೇ ಎಳೆತ ಮೇಲಕ್ಕೆತ್ತುತ್ತದೆ. ಕ್ಲಚ್ ಪೂರ್ತಿ ಹಿಡಿದ ಕ್ಷಣ ಅದು ಬರೀ 195 ಕೆಜಿ ಕಬ್ಬಿಣ.

ಇನ್ನೊಂದು, ನನ್ನ ಮೈ. ವೇಗದಲ್ಲಿ ಹೋಗುವಾಗ ತಿರುವಿನಲ್ಲಿ ಗಾಡಿಯ ಜೊತೆಗೇ ನಾವೂ ವಾಲುತ್ತೇವೆ. ನಿಧಾನದಲ್ಲಿ ಇದು ಉಲ್ಟಾ. ಗಾಡಿಯನ್ನು ಒಳಕ್ಕೆ ವಾಲಿಸಿ ನಾವು ಹೊರಗೆ ಕೂರಬೇಕು. ಎಡಕ್ಕೆ ತಿರುಗುವಾಗ ಸೀಟಿನ ಬಲ ಅಂಚಿಗೆ ಜರುಗಿ, ಬಲ ಫುಟ್‌ರೆಸ್ಟ್ ಮೇಲೆ ಭಾರ. ಗಾಡಿ ಯಾಕೆ ವಾಲಬೇಕು ಅಂದರೆ, ಹ್ಯಾಂಡಲ್ ತಿರುಗುವುದಕ್ಕೆ ಒಂದು ಮಿತಿ ಇದೆ, ಅದು ಸ್ಟಾಪರ್‌ಗೆ ಬಡಿದ ಮೇಲೆ ಮುಂದೆ ಹೋಗುವುದಿಲ್ಲ. ಅಲ್ಲಿಂದಾಚೆಗೂ ತಿರುವು ಚಿಕ್ಕದಾಗಬೇಕಾದರೆ ಗಾಡಿ ವಾಲಲೇಬೇಕು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಎರಡೂವರೆ ಮೀಟರ್ ತ್ರಿಜ್ಯದ ಸುತ್ತು ಹೊಡೆದರೆ ಸುಮಾರು 11 ಡಿಗ್ರಿ ವಾಲು ಬೇಕು. ವೇಗ 11 ಕಿಲೋಮೀಟರ್ ಆದರೆ ಅದೇ ಸುತ್ತಿಗೆ 20 ಡಿಗ್ರಿ ದಾಟುತ್ತದೆ. ಗಾಡಿಯೂ ನಾವೂ ಸೇರಿದ ಭಾರಕ್ಕೆ ಬೇಕಾದ ವಾಲು ಇದು. ನಾವು ಹೊರಗೆ ಕೂತರೆ ಗಾಡಿ ಒಂದೇ ಇದಕ್ಕಿಂತ ಹೆಚ್ಚು ವಾಲುತ್ತದೆ. ಮೂರು ಕಿಲೋಮೀಟರ್ ವ್ಯತ್ಯಾಸಕ್ಕೆ ಇಷ್ಟೊಂದು ಬದಲಾಗುತ್ತದೆ ಎಂದ ಮೇಲೆ ರೇಸ್ ಒಂದೇ ಸಮ ಇಡಿ ಎಂದು ಅವರು ಯಾಕೆ ಅಷ್ಟು ಸಲ ಹೇಳಿದರು ಅನ್ನುವುದು ತಲೆಗೆ ಹೋಯಿತು.

ಕಣ್ಣಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳಲೇಬೇಕು. ಮುಂದಿನ ಚಕ್ರ ನೋಡಬೇಡಿ. ಗದ್ದ ಭುಜಕ್ಕೆ ತಾಗುವಷ್ಟು ತಲೆ ತಿರುಗಿಸಿ, ಗಾಡಿ ಕೊನೆಗೆ ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ. ಹೊರಡುವ ಮುಂಚೆಯೇ, ನಿಂತಿರುವಾಗಲೇ ತಿರುಗಿಸಿ. ಹೊರಟ ಮೇಲೆ ತಿರುಗಿಸುತ್ತೇನೆ ಅಂದುಕೊಂಡರೆ ತಲೆ ತಿರುಗುವುದಿಲ್ಲ, ಕಣ್ಣು ಮಾತ್ರ ತಿರುಗುತ್ತದೆ. ರಸ್ತೆಯಲ್ಲಾದರೆ ಎರಡೂ ಕಡೆ ಗಾಡಿ ಬರುತ್ತಿದೆಯಾ ನೋಡಿ ಮುಗಿಸಿ, ಆಮೇಲೆ ಇದು.

ಆ ದಿನದ ಕೊನೆಗೆ ನಾನು ಎಡಕ್ಕೆ ನಿಂತಲ್ಲಿಂದ ಹೊರಡುತ್ತಿದ್ದುದು ಹೀಗೆ. ಎಡಗಾಲು ನೆಲದಲ್ಲಿ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಹ್ಯಾಂಡಲ್ ಎಡಕ್ಕೆ ಪೂರ್ತಿ ಕಟ್. ತಲೆ ಎಡ ಭುಜದ ಮೇಲೆ. ಗಾಡಿಯನ್ನು ಎಡಗಾಲಿನ ಮೇಲೆ ಸ್ವಲ್ಪ ವಾಲಿಸಿ, ರೇಸ್ ಕೊಟ್ಟು, ಕ್ಲಚ್ ಅನ್ನು ಎಳೆತ ಸಿಗುವವರೆಗೆ ಬಿಟ್ಟು, ಬ್ರೇಕ್ ಸಡಿಲಿಸುವುದು. ಚಕ್ರ ಉರುಳಿದ ಕೂಡಲೇ ಕಾಲು ಮೇಲೆ. ಶುರುವಿನಲ್ಲಿ ಹ್ಯಾಂಡಲ್ ಪೂರ್ತಿ ಕಟ್ ಮಾಡುವ ಧೈರ್ಯ ಬಾರದಿದ್ದರೆ ಅರ್ಧ ಮಾಡಿ, ಪರವಾಗಿಲ್ಲ. ಆದರೆ ಕ್ಲಚ್ ಅಂಜಿ ಅಂಜಿ ಬಿಟ್ಟು, ರೇಸ್ ಕೊಡದೆ ಹೊರಟರೆ ಇಂಜಿನ್ ಆಫ್ ಆಗುತ್ತದೆ, ವಾಲಿದ ಗಾಡಿ ಹಾಗೇ ಮಲಗುತ್ತದೆ. ನನ್ನ ಮೂರನೇ ಬೀಳು ಅದೇ.

ಖುಷಿಯಿಂದ ಮನೆಗೆ ಬಂದು ಮಾರನೇ ದಿನ ಮೈದಾನಕ್ಕೆ ಹೋದರೆ ಎಲ್ಲ ಮರೆತುಹೋದ ಹಾಗೆ ಆಯಿತು. ಎಂಟರ ಆಕಾರದಲ್ಲಿ ಸುತ್ತುವಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ನಡುವೆ ಗಾಡಿ ಜಗ್ಗಿದಂತೆ ಆಗುತ್ತಿತ್ತು. ಕಾಗದ ತೋರಿಸಿದ್ದು ನನ್ನ ಗಾಡಿಯದಾದರೂ ತರಬೇತಿಯ ದಿನ ಓಡಿಸಿದ್ದು ಅವರ ಗಾಡಿ ಎಂಬುದು ಆಮೇಲೆ ಹೊಳೆಯಿತು. ತಮ್ಮ ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲ್ ಮೆಲ್ಲಗೆ ಅತ್ತಿತ್ತ ತಿರುಗಿಸಿದ. ನಟ್ಟ ನಡುವೆ ಕಟ್ ಎಂದು ಒಂದು ಕಡೆ ಹಿಡಿಯುತ್ತಿತ್ತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್, ಸವೆದಿದೆ ಎಂದ. ಹೊಸ ಗಾಡಿ ಎಂದು ಹೇಳಿದೆನಲ್ಲ, ನನಗೆ ಹೊಸದು, ನನಗಿಂತ ಮುಂಚೆ ಇನ್ನೊಬ್ಬರ ಕೈಯಲ್ಲಿ ನಾಲ್ಕು ವರ್ಷ ಓಡಿತ್ತು. ಕೊಳ್ಳುವಾಗ ಇಂಜಿನ್ ಸದ್ದು ಕೇಳಿದೆ, ಟೈರ್ ನೋಡಿದೆ, ಇದನ್ನು ನೋಡಲೇ ಇಲ್ಲ.

ಕೋನ್ ಸೆಟ್ ಬರಲು ಐದು ದಿನ, ಹಾಕಲು ಒಂದು ದಿನ. ಹಾಕಿಸುವಾಗಲೇ ಮುಂದಿನ ಟೈರಿನ ಗಾಳಿಯನ್ನೂ ನೋಡಿಸಿದೆ, ಅದೂ ಕಮ್ಮಿ ಇತ್ತು. ಗಾಳಿ ಕಮ್ಮಿಯಿದ್ದರೆ ಹ್ಯಾಂಡಲ್ ಭಾರವಾಗುತ್ತದೆ. ಕ್ಲಚ್ ಕೇಬಲ್ ಕೂಡ ಹೊಂದಿಸಿಕೊಂಡೆ. ನನ್ನ ಬೆರಳು ಚಿಕ್ಕದು, ಲಿವರ್ ಪೂರ್ತಿ ಹೊರಗೆ ಬಂದ ಮೇಲೆ ಎಳೆತ ಸಿಗುತ್ತಿದ್ದರಿಂದ ಬೆರಳ ತುದಿಯಲ್ಲೇ ಆಟವಾಡಬೇಕಾಗುತ್ತಿತ್ತು. ಕೇಬಲ್ ಸ್ವಲ್ಪ ಸಡಿಲಿಸಿದರೆ ಎಳೆತ ಹಿಡಿಯ ಹತ್ತಿರವೇ ಸಿಗುತ್ತದೆ. ಗಾಡಿಯ ಪುಸ್ತಕದಲ್ಲಿ ಎಷ್ಟು ಸಡಿಲ ಇರಬೇಕೆಂದು ಕೊಟ್ಟಿರುತ್ತಾರೆ, ಅದರೊಳಗೇ ಇರಲಿ. ಜಾಸ್ತಿ ಸಡಿಲಾದರೆ ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಎಳೆಯುತ್ತಿರುತ್ತದೆ, ತೀರಾ ಬಿಗಿಯಾದರೆ ಕ್ಲಚ್ ಜಾರುತ್ತದೆ. ನೀವು ಎಷ್ಟೇ ಅಭ್ಯಾಸ ಮಾಡಿದರೂ ಒಂದೇ ಜಾಗದಲ್ಲಿ ಎಡವುತ್ತಿದ್ದರೆ ಒಮ್ಮೆ ಗಾಡಿಯನ್ನೂ ಅನುಮಾನಿಸಿ. ನಾನು ಅಷ್ಟು ದಿನ ನನ್ನನ್ನೇ ಬೈದುಕೊಂಡಿದ್ದೆ.

ಎಡಕ್ಕೆ ಆರಾಮಾಯಿತು. ಬಲಕ್ಕೆ ಮಾತ್ರ ಇನ್ನೂ ಎರಡು ವಾರ ಬೇಕಾಯಿತು. ಬಲ ತಿರುವು ಯಾಕೆ ಕಷ್ಟ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ, ‘ಅದು ಹಾಗೇ’ ಅನ್ನುತ್ತಾರೆ. ಹಾಗೇ ಅಲ್ಲ, ಕಾರಣ ಇದೆ. ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿದಾಗ ರೇಸ್ ಹಿಡಿದ ಬಲಗೈ ಹೊಟ್ಟೆಯ ಹತ್ತಿರ ಬಂದು ಮಣಿಕಟ್ಟು ಮಡಚಿಕೊಳ್ಳುತ್ತದೆ. ಒಂದು ಸಣ್ಣ ಕುಲುಕಿಗೆ ರೇಸ್ ಏರಿಬಿಡುತ್ತದೆ. ಎಡಗೈ ದೂರ ಹೋಗುತ್ತದೆ, ಕ್ಲಚ್ ಮೇಲೆ ಬೆರಳು ಸರಿಯಾಗಿ ಕೂರುವುದಿಲ್ಲ. ಮೂರನೆಯದು ಕಾಲು. ಬಲಗಡೆಗೆ ವಾಲುವಾಗ ಬಲಗಾಲು ನೆಲಕ್ಕೆ ಕೊಡಬೇಕು ಅನ್ನಿಸುತ್ತದೆ, ಆದರೆ ಹಿಂದಿನ ಬ್ರೇಕ್ ಇರುವುದು ಅದೇ ಕಾಲಿನ ಕೆಳಗೆ. ಕಾಲು ನೆಲಕ್ಕೆ ಹೋದರೆ ಬ್ರೇಕ್ ಇಲ್ಲ. ಬ್ರೇಕ್ ಇಲ್ಲ ಅಂದರೆ ಕೈ ಮುಂದಿನ ಬ್ರೇಕಿಗೆ ಹೋಗುತ್ತದೆ. ನಾಲ್ಕನೇ ಸಲ ಬಿದ್ದದ್ದು ಹೀಗೆ, ಅದೂ ಬಲಕ್ಕೆ, ಸೈಲೆನ್ಸರ್ ಮೇಲೆ. ಬಿಸಿ ಸೈಲೆನ್ಸರ್ ಪ್ಯಾಂಟಿಗೆ ತಾಗಿ ಕಾಲಿನ ಮೇಲೆ ಸಣ್ಣ ಗುರುತು ಉಳಿದಿದೆ.

ಕೊನೆಗೆ ಕೂಡಿಬಂದ ದಾರಿ ಇದು. ಬಲಕ್ಕೆ ಹೊರಡುವಾಗಲೂ ಎಡಗಾಲೇ ನೆಲದಲ್ಲಿ, ಬಲಗಾಲು ಬ್ರೇಕ್ ಬಿಟ್ಟು ಕದಲುವುದಿಲ್ಲ. ಗಾಡಿ ಮೊದಲು ನೆಟ್ಟಗಿರುತ್ತದೆ. ಹ್ಯಾಂಡಲ್ ಮುಕ್ಕಾಲು ತಿರುಗಿಸಿ ಹೊರಟು, ಚಕ್ರ ಅರ್ಧ ಮೀಟರ್ ಉರುಳಿದ ಮೇಲೆ ಗಾಡಿಯನ್ನು ಬಲಕ್ಕೆ ತಳ್ಳಿ ಪೂರ್ತಿ ಕಟ್ ಮಾಡುವುದು. ಹೊರಡುವ ಮುಂಚೆಯೇ ಬಲ ಮೊಣಕೈ ಕೆಳಗಿಳಿಸಿ ರೇಸ್ ಅನ್ನು ಹೊಸದಾಗಿ ಹಿಡಿದುಕೊಂಡರೆ ಮಣಿಕಟ್ಟು ಮಡಚಿಕೊಳ್ಳುವುದಿಲ್ಲ. ಟ್ಯಾಂಕಿಗೆ ಅಂಟಿಕೊಂಡು ಮುಂದೆ ಕೂರುವುದರಿಂದ ಎಡಗೈಗೂ ಕ್ಲಚ್ ಸಿಗುತ್ತದೆ. ಬಲಗಡೆ ಕಾಲಿಲ್ಲದೆ ಹೊರಡುವ ಭಯ ಮೂರ್ನಾಲ್ಕು ದಿನ ಇತ್ತು, ಒಂದು ದಿನ ನೋಡಿದರೆ ಇರಲಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ತರಬೇತಿಯ ಶುಲ್ಕ, ಒಂದು ಲಿವರ್, ಒಂದು ಇಂಡಿಕೇಟರ್, ಕೋನ್ ಸೆಟ್ ಮತ್ತು ಅದರ ಕೂಲಿ. ಕ್ರ್ಯಾಶ್ ಗಾರ್ಡ್ (ಬಿದ್ದಾಗ ಗಾಡಿಯನ್ನು ಕಾಯುವ ಕಂಬಿ) ಹಾಕಿಸಿದ್ದು ಮೊದಲನೇ ಬೀಳಿನ ನಂತರ. ಮೊದಲೇ ಹಾಕಿಸಿದ್ದರೆ ಒಂದು ಲಿವರ್ ಮತ್ತು ಇಂಡಿಕೇಟರ್ ಬಹುಶಃ ಉಳಿಯುತ್ತಿತ್ತು.

ಬಾಟಲಿಗಳ ಅಂತರ ಈಗ ಐದೂವರೆ ಮೀಟರಿಗೆ ಬಂದಿದೆ. ಎಡಕ್ಕೆ ಹತ್ತರಲ್ಲಿ ಒಂಬತ್ತು ಸಲ, ಬಲಕ್ಕೆ ಆರೇಳು ಸಲ. ಏರು ರಸ್ತೆಯಲ್ಲಿ ಬಲಕ್ಕೆ ಇನ್ನೂ ಆಗುವುದಿಲ್ಲ. ಅಲ್ಲಿ ನಾನು ಮರ್ಯಾದೆಯಾಗಿ ಮುಂದೆ ಹೋಗಿ ಅಗಲವಾದ ಜಾಗ ಹುಡುಕುತ್ತೇನೆ. ಮೊದಲ ಸಲ ಬಿದ್ದ ಗೇಟಿನಲ್ಲಿ ಹೋದ ವಾರ ನಿಂತು, ತಲೆ ತಿರುಗಿಸಿ, ಗೋಡೆಯನ್ನು ಒಮ್ಮೆಯೂ ನೋಡದೆ ಹೊರಟೆ. ಗೋಡೆಗೂ ಗಾಡಿಗೂ ನಡುವೆ ಇನ್ನೊಂದು ಬೈಕ್ ನಿಲ್ಲಿಸುವಷ್ಟು ಜಾಗ ಉಳಿದಿತ್ತು. ನೋಡಲು ಯಾರೂ ಇರಲಿಲ್ಲ.

ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇದನ್ನು ಒಂದೇ ಸಲ ಪ್ರಯತ್ನಿಸಿದ್ದೇನೆ. ಕೂತವನು ತಮ್ಮ. ಗಾಡಿ ವಾಲಿತು, ನಾನು ಕ್ಲಚ್ ಚೂರು ಬಿಟ್ಟೆ, ಅದು ಏಳುತ್ತಲೂ ಇತ್ತು. ಅಷ್ಟರಲ್ಲಿ ಹಿಂದಿನಿಂದ ಅವನೇ ಎರಡೂ ಕಾಲು ಕೆಳಗೆ ಬಿಟ್ಟ.